ಹಂದಿ ಓಡಿಸಿದರೆ ಜ್ವರ ಓಡುವುದಿಲ್ಲ

ಮಳೆ ಹಿಡಿದು ಓಣಿಯಲ್ಲಿ ನಾಲ್ಕು ಮಕ್ಕಳು ಜ್ವರದಿಂದ ಮಲಗಿದರೆ ಸಾಕು, ತಾಂಡೂರಿನಿಂದ ಜಹೀರಾಬಾದಿನವರೆಗೆ, ಗಡಿಯಾಚೆ ಸೇಡಂ, ಚಿಂಚೋಳಿ, ಹುಮನಾಬಾದಿನವರೆಗೆ ಒಂದೇ ಮಾತು ಕೇಳಿಬರುತ್ತದೆ: ಮೊದಲು ಹಂದಿಗಳನ್ನು ಊರಿಂದ ಓಡಿಸಿ. ವಾರ್ಡಿನ ಸಭೆಯಲ್ಲಿ ಈ ಕೂಗು ಎದ್ದರೆ ಎದುರಾಡುವವರು ಯಾರೂ ಇರುವುದಿಲ್ಲ. ಹಂದಿ ಸಾಕುವವರನ್ನು ಆ ಸಭೆಗೆ ಯಾರೂ ಕರೆದಿರುವುದಿಲ್ಲ. ಪೆದ್ದೆಮುಲ್‌ನಂಥ ಮಂಡಲ ಕೇಂದ್ರದಲ್ಲಿ ಚರಂಡಿ ಕಟ್ಟಿಸಬೇಕೆಂದರೆ ಟೆಂಡರು, ಬಿಲ್ಲು, ವರ್ಷಗಟ್ಟಲೆ ಓಡಾಟ. ಹಂದಿ ಹಿಡಿಸಲು ಒಂದು ಗಾಡಿ, ಒಂದು ಬಲೆ, ನಾಲ್ಕು ಆಳು ಸಾಕು. ಸಂಜೆಯೊಳಗೆ ಕೆಲಸ ಮುಗಿದು ಫೋಟೋ ಕೂಡ ಬಂದಿರುತ್ತದೆ.

ಈ ಬೇಡಿಕೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಕೇಳುವವರು ಹೆಚ್ಚಾಗಿ ಓದಿದವರು: ಊರಿಗೇ ಬೇಡವಾದ ಪ್ರಾಣಿಗೆ ಲಸಿಕೆ, ಪ್ರಯೋಗಾಲಯ, ಸಂಶೋಧನೆ ಎಂದು ಸರ್ಕಾರ ದುಡ್ಡು ಸುರಿಯುವುದೇಕೆ? ತಮಾಷೆಯೆಂದರೆ ಇದೇ ಮಂದಿ ಇನ್ನೊಂದು ಹೊತ್ತಿನಲ್ಲಿ, "ಹಂದಿಗೇನು ರೋಗ ಬರ್ತದ? ಹೊಲಸು ತಿಂದು ಗಟ್ಟಿಯಾದ ಜೀವ ಅದು" ಎಂದೂ ಹೇಳುತ್ತಾರೆ. ಎಲ್ಲ ರೋಗಕ್ಕೂ ಹಂದಿಯೇ ಮೂಲ, ಆದರೆ ಹಂದಿಗೆ ಮಾತ್ರ ಯಾವ ರೋಗವೂ ಇಲ್ಲ! ಎರಡೂ ತಪ್ಪು. ಎರಡರ ಫಲ ಮಾತ್ರ ಒಂದೇ: ಸೂಜಿ ಹಿಡಿದವರು ಹಂದಿಯ ಹತ್ತಿರ ಹೋಗುವುದಿಲ್ಲ.

ಓಡಿಸಿ ಎನ್ನುವವರ ಕೈಯಲ್ಲಿರುವ ಬಲವಾದ ಅಸ್ತ್ರದಿಂದಲೇ ಶುರುಮಾಡೋಣ. ಅದು ಜಪಾನೀಸ್ ಎನ್ಸೆಫಲೈಟಿಸ್, ನಾವು ಮೆದುಳು ಜ್ವರ ಎನ್ನುವ ರೋಗಗಳಲ್ಲಿ ಒಂದು. ಇದರ ವೈರಸ್ಸು ಕೊಕ್ಕರೆ, ಬೆಳ್ಳಕ್ಕಿಯಂಥ ನೀರ ಹಕ್ಕಿಗಳಲ್ಲಿ ಇರುತ್ತದೆ. ಭತ್ತದ ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹಂದಿಗೆ ತಲುಪಿಸುತ್ತದೆ. ಹಂದಿಯ ರಕ್ತದಲ್ಲಿ ವೈರಸ್ಸು ಹೇರಳವಾಗಿ ಬೆಳೆಯುತ್ತದೆ, ಆ ರಕ್ತ ಕುಡಿದ ಸೊಳ್ಳೆ ಮಗುವನ್ನು ಕಚ್ಚುತ್ತದೆ. ಇದು ನಿಜ. ಇದನ್ನು ಅಲ್ಲಗಳೆಯುವವರು ಹಂದಿಯ ಪರ ವಾದಿಸುತ್ತಿಲ್ಲ, ವಿಜ್ಞಾನದ ವಿರುದ್ಧ ವಾದಿಸುತ್ತಿದ್ದಾರೆ. ಮನೆಗೂ ಹಂದಿ ಗೂಡಿಗೂ ನಡುವೆ ಅಂತರ ಬೇಕು ಎಂಬುದನ್ನೂ ಒಪ್ಪೋಣ. ಬೀದಿ ಬೀದಿಯಲ್ಲಿ ಬಿಟ್ಟು ಸಾಕುವುದು ಹಂದಿಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ.

ಆದರೆ ಅರ್ಧ ನಿಜ ಹಿಡಿದು ಬಲೆ ಬೀಸುವವರು ಉಳಿದರ್ಧವನ್ನು ಓದಿರುವುದಿಲ್ಲ. ಹಂದಿಯ ರಕ್ತದಲ್ಲಿ ಆ ವೈರಸ್ಸು ಇರುವುದು ಕೆಲವೇ ದಿನ. ಆಮೇಲೆ ಪ್ರತಿಕಾಯ ಹುಟ್ಟುತ್ತದೆ, ಆ ಹಂದಿಯಿಂದ ಸೊಳ್ಳೆಗೆ ಮತ್ತೆ ವೈರಸ್ಸು ಸಿಗುವುದಿಲ್ಲ. ಹಾಗಾದರೆ ಅಪಾಯ ಇರುವುದು ಎಲ್ಲಿ? ಒಮ್ಮೆಯೂ ಸೋಂಕು ತಗುಲದ ಎಳೆಯ ಮರಿಗಳಲ್ಲಿ. ಹೆಣ್ಣು ಹಂದಿಯ ಗರ್ಭ ನಾಲ್ಕು ತಿಂಗಳೂ ಅಲ್ಲ, ಸುಮಾರು 114 ದಿನ. ಒಂದು ಸೂಲಿಗೆ ಎಂಟು ಹತ್ತು ಮರಿ. ಊರಿನ ಅರ್ಧ ಹಂದಿಗಳನ್ನು ಹಿಡಿದು ಸಾಗಿಸಿದರೆ ಆ ಜಾಗ ವರ್ಷ ತಿರುಗುವುದರೊಳಗೆ ತುಂಬುತ್ತದೆ, ಅದೂ ಪ್ರತಿಕಾಯವಿಲ್ಲದ ಮರಿಗಳಿಂದ. ಸೋಂಕು ಕಂಡು ಗೆದ್ದ ಹಳೆಯ ಹಂದಿ ಹೋಗಿ ವೈರಸ್ಸಿಗೆ ಬೇಕಾದ ಹೊಸ ಹಂದಿ ಬರುತ್ತದೆ. ಕೋಟ್‌ಪಲ್ಲಿ ಜಲಾಶಯದ ನೀರು ಹರಿಯುವ ಗದ್ದೆಗಳಲ್ಲಿ ಬೆಳ್ಳಕ್ಕಿಯೂ ಸೊಳ್ಳೆಯೂ ಇದ್ದಲ್ಲೇ ಇರುತ್ತವೆ. ಹಿಡಿದ ಹಂದಿಗಳನ್ನು ಕೊಂಡುಹೋಗಿ ಬಿಡುವುದಾದರೂ ಎಲ್ಲಿ? ಪಕ್ಕದೂರಿನ ಬಯಲಿನಲ್ಲಿ. ಅಲ್ಲಿಯೂ ಮಕ್ಕಳಿದ್ದಾರೆ.

ಜಪಾನಿನವರು ಇದೇ ಹಂದಿಯಿಂದ ಬೇರೆ ಕೆಲಸ ತೆಗೆದುಕೊಂಡರು. 1960ರ ದಶಕದಿಂದ ಅಲ್ಲಿ ಪ್ರತಿ ಬೇಸಿಗೆಯಲ್ಲೂ ಕಸಾಯಿಖಾನೆಗೆ ಬರುವ ಹಂದಿಗಳ ರಕ್ತ ಪರೀಕ್ಷೆ ಮಾಡುತ್ತಾರೆ. ಪ್ರತಿಕಾಯ ಇರುವ ಹಂದಿಗಳ ಸಂಖ್ಯೆ ಏರಿದ ಪ್ರಾಂತ್ಯದಲ್ಲಿ ವೈರಸ್ಸು ಓಡಾಡುತ್ತಿದೆ ಎಂದರ್ಥ, ಅಲ್ಲಿನ ಜನರಿಗೆ ಎಚ್ಚರಿಕೆ ಹೋಗುತ್ತದೆ. ಮಗುವಿಗೆ ಜ್ವರ ಬರುವ ಮೊದಲೇ ಹಂದಿ ಸುದ್ದಿ ಕೊಡುತ್ತದೆ. ಗಬ್ಬದ ಹಂದಿಗೆ ಈ ಸೋಂಕು ತಗುಲಿದರೆ ಮರಿಗಳು ಸತ್ತೇ ಹುಟ್ಟುವುದರಿಂದ ಸಾಕುವವರು ತಳಿಯ ಹಂದಿಗಳಿಗೆ ಲಸಿಕೆಯನ್ನೂ ಹಾಕಿಸುತ್ತಾರೆ. ಮಕ್ಕಳಿಗೆ ಲಸಿಕೆ, ಊರಿನಿಂದ ದೂರದ ವ್ಯವಸ್ಥಿತ ಗೂಡು, ಹಂದಿಗಳ ರಕ್ತದ ಮೇಲೆ ಕಣ್ಣು: ಇವು ಸೇರಿ ಅಲ್ಲಿ ರೋಗ ಇಳಿಯಿತು. ಬಲೆಯೊಂದರಿಂದಲೇ ಇಳಿಯಲಿಲ್ಲ.

ನಮ್ಮಲ್ಲಿ ಮಕ್ಕಳನ್ನು ಕಾಯುತ್ತಿರುವುದೂ ಬಲೆ ಅಲ್ಲ. ಹೈದರಾಬಾದಿನ ಭಾರತ್ ಬಯೋಟೆಕ್ 2013ರಲ್ಲಿ ಹೊರತಂದ ಜೆನ್‌ವ್ಯಾಕ್ ಲಸಿಕೆ ತಯಾರಾದದ್ದು ಕರ್ನಾಟಕದ ಕೋಲಾರದಲ್ಲಿ ಸಿಕ್ಕ ವೈರಸ್ಸಿನ ತಳಿಯಿಂದ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರ ದೇಹದಿಂದ ಬೇರ್ಪಡಿಸಿ ಜೋಪಾನ ಮಾಡಿಟ್ಟ ತಳಿ ಮೂವತ್ತು ವರ್ಷದ ಬಳಿಕ ಕೆಲಸಕ್ಕೆ ಬಂತು. ಇಂಥ ಜೋಪಾನವನ್ನೇ ನಮ್ಮವರು ದುಂದು ಎನ್ನುವುದು. 2022ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ಸುಮಾರು 48 ಲಕ್ಷ ಮಕ್ಕಳಿಗೆ ಈ ರೋಗದ ಲಸಿಕೆ ಹಾಕುವ ಅಭಿಯಾನ ಹಮ್ಮಿಕೊಂಡಿತು. ಆ ವರ್ಷ ಮಕ್ಕಳಿಗೆ ಉಪಕಾರವಾದದ್ದು ಅದರಿಂದ.

ಮೆದುಳು ಜ್ವರ ಎಂದ ಕೂಡಲೇ ಹಂದಿಯತ್ತ ಬೆರಳು ತೋರಿಸುವ ಚಟ ಎಷ್ಟು ದುಬಾರಿ ಎಂದು ತಿಳಿಯಲು ತೆಲಂಗಾಣದವರು ದೂರ ಹೋಗಬೇಕಿಲ್ಲ. 2003ರ ಮಳೆಗಾಲ. ಆಗಿನ ಆಂಧ್ರಪ್ರದೇಶದಲ್ಲಿ, ಕರೀಂನಗರ, ವಾರಂಗಲ್ ಜಿಲ್ಲೆಗಳೂ ಸೇರಿ, 329 ಮಕ್ಕಳಿಗೆ ಮೆದುಳು ಜ್ವರ ಬಂತು. 183 ಮಕ್ಕಳು ಸತ್ತರು. ಹಲವರು ಆಸ್ಪತ್ರೆ ಸೇರಿ ಒಂದೆರಡು ದಿನದಲ್ಲೇ ಹೋದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಮಾದರಿಗಳನ್ನು ಪರೀಕ್ಷಿಸಿದಾಗ ಸಿಕ್ಕದ್ದು ಜಪಾನೀಸ್ ಎನ್ಸೆಫಲೈಟಿಸ್ ಅಲ್ಲ, ಚಂಡೀಪುರ ವೈರಸ್ಸು. 1965ರಲ್ಲಿ ನಾಗಪುರದ ಹತ್ತಿರದ ಚಂಡೀಪುರದಲ್ಲಿ ಮೊದಲು ಕಂಡದ್ದು. ಅದನ್ನು ಹರಡುವುದು ಮರಳು ನೊಣ, ಅದು ಅಡಗುವುದು ಮಣ್ಣಿನ ಗೋಡೆಯ ಬಿರುಕಿನಲ್ಲಿ. ಆ ವರ್ಷ ರಾಜ್ಯದ ಹಂದಿಗಳನ್ನೆಲ್ಲ ಹಿಡಿದು ಸಮುದ್ರಕ್ಕೆ ಹಾಕಿದ್ದರೂ ಒಂದು ಮಗು ಹೆಚ್ಚು ಉಳಿಯುತ್ತಿರಲಿಲ್ಲ.

ಮಲೇಷ್ಯಾದ ಕಥೆ ಇನ್ನೂ ಕಠಿಣ, ಏಕೆಂದರೆ ಅಲ್ಲಿ ಹಂದಿ ನಿಜಕ್ಕೂ ರೋಗ ಹರಡಿತ್ತು. 1998ರ ಕೊನೆಯಲ್ಲಿ ಹಂದಿ ಫಾರಮ್ಮುಗಳ ಕೆಲಸಗಾರರಲ್ಲಿ ಮೆದುಳು ಜ್ವರ ಕಾಣಿಸಿತು. ಅಧಿಕಾರಿಗಳು ಜಪಾನೀಸ್ ಎನ್ಸೆಫಲೈಟಿಸ್ ಎಂದೇ ತೀರ್ಮಾನಿಸಿ ಸೊಳ್ಳೆಗೆ ಹೊಗೆ ಹಾಕಿಸಿದರು, ಜನರಿಗೆ ಆ ಲಸಿಕೆ ಕೊಡಿಸಿದರು. ಜನ ಸಾಯುತ್ತಲೇ ಇದ್ದರು. ಅದೂ ಮಕ್ಕಳಲ್ಲ, ಹಂದಿಯ ಜೊತೆ ಕೆಲಸ ಮಾಡುವ ವಯಸ್ಕರು. ಸೊಳ್ಳೆ ಮಕ್ಕಳನ್ನು ಬಿಟ್ಟು ಫಾರಮ್ಮಿನ ಆಳುಗಳನ್ನೇ ಏಕೆ ಕಚ್ಚೀತು ಎಂಬ ಸಣ್ಣ ಅನುಮಾನವನ್ನು ಬೆನ್ನಟ್ಟಿದವರು ಚುವಾ ಕಾವ್ ಬಿಂಗ್ ಎಂಬ ವೈರಸ್ ತಜ್ಞರು. 1999ರ ಮಾರ್ಚಿನಲ್ಲಿ ಹೊಸ ವೈರಸ್ಸು ಸಿಕ್ಕಿತು, ಅದೇ ನಿಪಾ. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಒಟ್ಟು 265 ಜನ ಕಾಯಿಲೆ ಬಿದ್ದರು, 105 ಜನ ಸತ್ತರು, ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಂದರು. ಕೊಂದದ್ದರಿಂದ ರೋಗ ನಿಂತಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಂದಿಗೆ ಅದು ಬಂದದ್ದು ಗೂಡಿನ ಮೇಲೆ ಬಾಗಿದ ಹಣ್ಣಿನ ಮರಕ್ಕೆ ಬರುವ ಬಾವಲಿಗಳಿಂದ ಎಂದು ಹೇಳಿದ್ದು ಸಂಶೋಧನೆ. ಹಂದಿಯ ವೈರಸ್ಸುಗಳನ್ನು ಓದುವವರು ಇಲ್ಲದಿದ್ದರೆ ಹೊಗೆ ಹಾಕುವುದೇ ಮುಂದುವರಿಯುತ್ತಿತ್ತು.

ಸ್ವೈನ್ ಫ್ಲೂ ಎಂದು ಹೆಸರಾದ 2009ರ ಎಚ್1ಎನ್1 ಜ್ವರ ಬಂದಾಗ ಈಜಿಪ್ಟ್ ದೇಶದಲ್ಲಿ ಒಬ್ಬ ರೋಗಿಯೂ ಪತ್ತೆಯಾಗುವ ಮೊದಲೇ ಸರ್ಕಾರ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಿಸಲು ಹೊರಟಿತು. ಅವು ಕೈರೋ ನಗರದ ಕಸ ಆಯುವ ಜಬ್ಬಾಲೀನ್ ಜನರ ಹಂದಿಗಳು, ಊರಿನ ಹಸಿ ಕಸ ತಿಂದು ಬೆಳೆಯುತ್ತಿದ್ದವು. ಹಂದಿ ಹೋದವು, ಕೈರೋದ ಬೀದಿಗಳಲ್ಲಿ ಕಸ ಕೊಳೆಯಿತು, ಜ್ವರ ಮಾತ್ರ ಬಂದೇ ಬಂತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು. ಭಾರತದ ಮೊದಲ ರೋಗಿ ಆ ವರ್ಷ ಮೇ ತಿಂಗಳಲ್ಲಿ ಪತ್ತೆಯಾದದ್ದು ನಮ್ಮ ಹೈದರಾಬಾದಿನಲ್ಲೇ. ಅದು ಬಂದದ್ದು ವಿಮಾನದಲ್ಲಿ, ಹಂದಿಯ ಬೆನ್ನೇರಿ ಅಲ್ಲ. ಆ ವೈರಸ್ಸಿನ ಮೂಲ ಮೆಕ್ಸಿಕೋದ ಹಂದಿಗಳಲ್ಲಿತ್ತು ಎಂಬುದನ್ನು ವಿಜ್ಞಾನಿಗಳು ಆಮೇಲೆ ತೋರಿಸಿದರು. ಓಡಿಸುವವರು ಇದನ್ನೂ ತಮ್ಮ ಪರ ಸಾಕ್ಷಿ ಎಂದು ತಿಳಿಯಬಹುದು. ಸಾಕ್ಷಿ ಹೇಳುವುದು ಬೇರೆ: ಅಲ್ಲಿನ ಹಂದಿಗಳ ರಕ್ತವನ್ನು ವರ್ಷ ವರ್ಷ ನೋಡುವವರಿದ್ದಿದ್ದರೆ ಮನುಷ್ಯರಿಗೆ ಬರುವ ಮೊದಲೇ ಅದು ಗೊತ್ತಾಗುವ ಅವಕಾಶವಿತ್ತು.

ಇನ್ನು ಹಂದಿಯದೇ ರೋಗಕ್ಕೆ ಬರೋಣ. ನನ್ನ ಸಿಟ್ಟು ಹೆಚ್ಚಾಗುವುದು ಇಲ್ಲಿ.

ಹಂದಿ ಜ್ವರ, ಅಂದರೆ ಕ್ಲಾಸಿಕಲ್ ಸ್ವೈನ್ ಫೀವರ್, ಮನುಷ್ಯರಿಗೆ ಬರುವುದಿಲ್ಲ. ಹಂದಿಗೆ ಬಂದರೆ ಮೈ ಸುಡುತ್ತದೆ, ಕಿವಿ, ಹೊಟ್ಟೆಯ ಚರ್ಮ ಕೆಂಪೇರಿ ನೀಲಿಗಟ್ಟುತ್ತದೆ, ಹಿಂಗಾಲು ತೂರಾಡುತ್ತವೆ, ಗೂಡಿಗೆ ಗೂಡೇ ಬರಿದಾಗುತ್ತದೆ. ಈ ಒಂದು ರೋಗದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 429 ಕೋಟಿ ರೂಪಾಯಿ ನಷ್ಟ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಇದಕ್ಕೆ ಲಸಿಕೆ ಇಲ್ಲವೇ? 1964ರಿಂದಲೂ ಇದೆ. ಇಂಗ್ಲೆಂಡಿನ ವೇಬ್ರಿಜ್ ತಳಿಯ ವೈರಸ್ಸನ್ನು ಮೊಲದ ಮೈಯಲ್ಲಿ ಬೆಳೆಸಿ, ಮೊಲವನ್ನು ಕೊಂದು, ಅದರ ಗುಲ್ಮದಿಂದ ಲಸಿಕೆ ತೆಗೆಯುತ್ತಿದ್ದರು. ಒಂದು ಮೊಲದಿಂದ ಎಷ್ಟು ಡೋಸು ತೆಗೆದಾರು? ದೇಶಕ್ಕೆ ಬೇಕಾದದ್ದು ವರ್ಷಕ್ಕೆ 2.2 ಕೋಟಿ ಡೋಸು, ತಯಾರಾಗುತ್ತಿದ್ದದ್ದು 12 ಲಕ್ಷ. ಬೇಕಾದ ಹದಿನೆಂಟು ಡೋಸಿಗೆ ಒಂದೂ ಸರಿಯಾಗಿ ಇಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಹಸುವಿನ ಲಸಿಕೆಯಲ್ಲಿ ಇಷ್ಟು ಕೊರತೆ ಬಿದ್ದಿದ್ದರೆ ವಿಧಾನಸಭೆಯಲ್ಲಿ ಗಲಾಟೆ ಆಗುತ್ತಿತ್ತು.

ಬರೇಲಿಯ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಮೊಲವನ್ನು ಬಿಟ್ಟು ಪ್ರಯೋಗಾಲಯದ ಜೀವಕೋಶಗಳಲ್ಲೇ ಬೆಳೆಯುವ ಲಸಿಕೆಯನ್ನು ರೂಪಿಸಿದರು. 2020ರ ಫೆಬ್ರುವರಿಯಲ್ಲಿ ಅದು ಬಿಡುಗಡೆಯಾಯಿತು. ಮೊಲದ ಲಸಿಕೆಗೆ ಡೋಸಿಗೆ 15ರಿಂದ 25 ರೂಪಾಯಿ, ಆಮದು ಲಸಿಕೆಗೆ 30 ರೂಪಾಯಿ ಇದ್ದಲ್ಲಿ ಇದಕ್ಕೆ ಸುಮಾರು 2 ರೂಪಾಯಿ ಎಂದು ಆಗ ಹೇಳಿದ್ದರು. ಚುಚ್ಚಿದ ಎರಡು ವಾರದಿಂದ ಹದಿನೆಂಟು ತಿಂಗಳವರೆಗೆ ರಕ್ಷಣೆ. ಸಂಶೋಧನೆಗೆ ದುಡ್ಡು ಸುರಿಯುವುದೇಕೆ ಎಂದು ಕೇಳಿದವರಿಗೆ ಇದಕ್ಕಿಂತ ನೇರ ಉತ್ತರ ಬೇಕೆ? ಆ ದುಡ್ಡು 30 ರೂಪಾಯಿಯ ವಸ್ತುವನ್ನು 2 ರೂಪಾಯಿಗೆ ಇಳಿಸಿತು.

ಆದರೂ ಈ ಸೀಮೆಯ ಗೂಡುಗಳಿಗೆ ಅದು ಬರುವುದು ಅಪರೂಪ. ದೇಶದ ಹಂದಿ ಜ್ವರ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು ಈಶಾನ್ಯ ರಾಜ್ಯಗಳಿಗೆಂದು, ಅಲ್ಲಿ ಹಂದಿ ಹೆಚ್ಚು, ಅದು ನ್ಯಾಯವೇ. ಇಲ್ಲಿನ ತೊಡಕು ಬೇರೆ. ಲಸಿಕೆಯ ಸೀಸೆ ಒಡೆದು ಕರಗಿಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಸೀಸೆಯಲ್ಲಿರುವುದು ಹತ್ತಾರು ಡೋಸು, ಒಬ್ಬರ ಹತ್ತಿರ ಇರುವುದು ಮೂರೋ ನಾಲ್ಕೋ ಹಂದಿ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯ ಇಳಿಯುವ ತನಕ ಮರಿಗೆ ಚುಚ್ಚಿದರೆ ಲಸಿಕೆ ಹಿಡಿಯುವುದಿಲ್ಲ, ಆದ್ದರಿಂದ ಹುಟ್ಟಿದ ದಿನದ ಲೆಕ್ಕ ಬೇಕು. ಬಿಟ್ಟು ಸಾಕಿದ ಹಂದಿಯನ್ನು ಹಿಡಿಯುವುದು ಸಾಕಿದವರಿಂದ ಮಾತ್ರ ಆದೀತು. ಎಂದರೆ ಒಂದು ದಿನ ಗೊತ್ತುಮಾಡಿ, ಸಾಕುವವರನ್ನು ಸೇರಿಸಿ, ಐಸ್ ಡಬ್ಬಿ ಹಿಡಿದು ದವಾಖಾನೆಯವರು ಅವರ ಓಣಿಗೆ ಹೋಗಬೇಕು. ಕಷ್ಟದ ಕೆಲಸ, ಆದರೆ ಕುರಿ ಹಿಂಡುಗಳಿಗೆ ವರ್ಷ ವರ್ಷ ಇದನ್ನೇ ಮಾಡುತ್ತಾರಲ್ಲ!

ಕಾಲುಬಾಯಿ ರೋಗದಲ್ಲೂ ಇದೇ ಕಥೆ. 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಘೋಷಿಸಿದ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಯಲ್ಲಿ ದನ, ಎಮ್ಮೆ, ಕುರಿ, ಮೇಕೆಯ ಜೊತೆ ಹಂದಿಯೂ ಇತ್ತು. ಸೋಂಕು ತಗುಲಿದ ಹಂದಿಯ ಉಸಿರಿನಲ್ಲಿ ಹೊರಬೀಳುವ ವೈರಸ್ಸು ದನದ ಉಸಿರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತೊಗರಿ ಹೊಲದ ಬದುವಿನಲ್ಲಿ ಎಮ್ಮೆ ಕಟ್ಟಿದವರು, ಹಾಲು ಮಾರಿ ಬದುಕುವವರು ಹಂದಿಯ ಲಸಿಕೆಗೆ ಮೊದಲು ದನಿ ಎತ್ತಬೇಕು. ಹಂದಿಯ ಮೇಲಿನ ಪ್ರೀತಿಯಿಂದ ಬೇಡ, ತಮ್ಮ ಎಮ್ಮೆಯ ಕಾಳಜಿಯಿಂದಲೇ ಸಾಕು.

ಈಗ ಓಡಿಸುವವರ ಕೊನೆಯ ವಾದ, ಆಫ್ರಿಕನ್ ಹಂದಿ ಜ್ವರ. ಕೀನ್ಯಾದಿಂದ 1921ರಲ್ಲಿ ವರದಿಯಾದ ಈ ರೋಗ 2018ರಲ್ಲಿ ಚೀನಾ, 2020ರಲ್ಲಿ ಅರುಣಾಚಲ ಮತ್ತು ಅಸ್ಸಾಂ, 2022ರಲ್ಲಿ ಕೇರಳದ ವಯನಾಡು ತಲುಪಿತು. ಬಳಿಕ ಕೊಡಗಿನಿಂದಲೂ ಸುದ್ದಿ ಬಂತು. ತಗುಲಿದರೆ ಹೆಚ್ಚುಕಡಿಮೆ ಎಲ್ಲ ಹಂದಿಗಳೂ ಸಾಯುತ್ತವೆ. ಚಿಕಿತ್ಸೆ ಇಲ್ಲ, ನಮ್ಮ ದೇಶದಲ್ಲಿ ಅನುಮತಿ ಪಡೆದ ಲಸಿಕೆಯೂ ಇಲ್ಲ. ಸೋಂಕಿನ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನು ಕೊಲ್ಲುವುದು, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡುವುದು ಸರ್ಕಾರದ ನಿಯಮ. ಈ ಕೊಲ್ಲುವಿಕೆಯನ್ನು ನಾನು ವಿರೋಧಿಸುವುದಿಲ್ಲ, ಅದು ಅನಿವಾರ್ಯ. ಆದರೆ ಪರೀಕ್ಷೆ ಮಾಡಿ ಕೊಲ್ಲುವುದಕ್ಕೂ ಊರಿಗೆ ಬೇಡವೆಂದು ಓಡಿಸುವುದಕ್ಕೂ ಅಜಗಜಾಂತರ. ಓಡಿಸಿದ ಹಂದಿ ಸೋಂಕನ್ನು ಹೊತ್ತೇ ಓಡುತ್ತದೆ.

ಈ ಎರಡು ಜ್ವರಗಳ ನಡುವೆ ಒಂದು ನಂಟಿದೆ, ಅದನ್ನು ಯಾರೂ ಹೇಳುವುದಿಲ್ಲ. ಆಫ್ರಿಕನ್ ಹಂದಿ ಜ್ವರವೂ ಹಳೆಯ ಹಂದಿ ಜ್ವರವೂ ಕಣ್ಣಿಗೆ ಒಂದೇ ಥರ ಕಾಣುತ್ತವೆ: ಅದೇ ಸುಡುವ ಮೈ, ಅದೇ ಕೆಂಪು ಕಿವಿ, ಅದೇ ದಿಢೀರ್ ಸಾವು. ವೈರಸ್ಸುಗಳಿಗೆ ಸಂಬಂಧವೇ ಇಲ್ಲ, ಒಂದು ಆರ್‌ಎನ್‌ಎ ಜಾತಿಯದು, ಇನ್ನೊಂದು ದೊಡ್ಡ ಡಿಎನ್‌ಎ ವೈರಸ್ಸು. ಬೇರ್ಪಡಿಸಲು ಪ್ರಯೋಗಾಲಯವೇ ಬೇಕು. ಲಸಿಕೆ ಕಾಣದ ಊರಿನಲ್ಲಿ ಹಂದಿ ಸತ್ತರೆ ಪ್ರತಿಬಾರಿಯೂ "ಜ್ವರ ಬಂದು ಸತ್ತಿತು" ಎಂದು ಎತ್ತಿ ಎಸೆಯುತ್ತಾರೆ, ಅಷ್ಟರಲ್ಲಿ ಆಫ್ರಿಕನ್ ಜ್ವರ ಹತ್ತೂರು ಸುತ್ತಿರುತ್ತದೆ. ಹಳೆಯ ಜ್ವರಕ್ಕೆ ಸರಿಯಾಗಿ ಲಸಿಕೆ ಬಿದ್ದ ಊರಿನಲ್ಲಿ ಸಾಲಾಗಿ ಹಂದಿ ಸತ್ತರೆ ಅನುಮಾನ ಮೊದಲ ದಿನವೇ ಹುಟ್ಟುತ್ತದೆ. ಆ ಎರಡು ರೂಪಾಯಿಯ ಸೂಜಿ ಒಂದು ರೋಗವನ್ನು ತಡೆಯುತ್ತದೆ, ಇನ್ನೊಂದನ್ನು ಹಿಡಿದುಕೊಡುತ್ತದೆ.

ಆಫ್ರಿಕನ್ ಜ್ವರಕ್ಕೆ ಲಸಿಕೆ ಇಲ್ಲ ಎಂದು ಸಂಶೋಧನೆಯನ್ನೇ ಹಳಿಯುವವರು ಪೋರ್ಚುಗಲ್ಲಿನ ಉದಾಹರಣೆ ಕೊಡಬಹುದು. 1960ರ ದಶಕದಲ್ಲಿ ಅಲ್ಲಿ ಅವಸರದ ಜೀವಂತ ಲಸಿಕೆ ಹಾಕಿ, ಲಸಿಕೆ ಪಡೆದ ಹಂದಿಗಳೇ ದೀರ್ಘ ಕಾಯಿಲೆಯಿಂದ ನರಳಿದವು. ವಿಯೆಟ್ನಾಂ 2022ರ ಜೂನಿನಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ರೂಪುಗೊಂಡ ತಳಿಯ ಲಸಿಕೆಗೆ ಅನುಮತಿ ಕೊಟ್ಟು, ಹಂದಿಗಳು ಸತ್ತವೆಂದು ಆಗಸ್ಟಿನಲ್ಲಿ ನಿಲ್ಲಿಸಿ, ಮತ್ತೆ ಪರೀಕ್ಷಿಸಿ 2023ರ ಜುಲೈಯಲ್ಲಿ ವ್ಯಾಪಕ ಬಳಕೆಗೆ ಬಿಟ್ಟಿತು. ಎಡವಿದ್ದು ನಿಜ. ಎಡವಿದ್ದು ಗೊತ್ತಾದದ್ದೂ ತಿದ್ದಿದ್ದೂ ಸಂಶೋಧನೆಯಿಂದಲೇ. ಚೀನಾದಲ್ಲಿ ಕಳ್ಳದಾರಿಯಲ್ಲಿ ಬಂದ ಲಸಿಕೆಗಳು ಹೊಸ ಬಗೆಯ ಸೋಂಕು ಹುಟ್ಟಿಸಿದವು. ಪ್ರಯೋಗಾಲಯವನ್ನು ನಂಬದ ಕಡೆ ಕಳ್ಳ ಸೀಸೆಗೆ ಗಿರಾಕಿ ಹುಟ್ಟುತ್ತಾರೆ.

ಪರಿಹಾರದ ಮಾತೂ ಇಲ್ಲೇ ಬರಬೇಕು. ಸರ್ಕಾರ ಕೊಂದ ಹಂದಿಗೆ ಪರಿಹಾರ ಉಂಟು, ಅದಕ್ಕೆ ಮೊದಲು ತಾನಾಗಿ ಸತ್ತದ್ದಕ್ಕೆ ಇಲ್ಲ. ಮೂರು ಹಂದಿ ಸತ್ತು ನಾಲ್ಕನೆಯದಕ್ಕೆ ಮೈ ಬಿಸಿಯಾದಾಗ ಸಾಕಿದವನು ಏನು ಮಾಡುತ್ತಾನೆ? ರಾತ್ರೋರಾತ್ರಿ ಮಾರುತ್ತಾನೆ. ಅವನನ್ನು ಬೈಯುವ ಮೊದಲು ನಿಯಮವನ್ನು ಬೈಯಬೇಕು. ಸತ್ತ ಹಂದಿಯ ಸುದ್ದಿಯನ್ನು ಮೊದಲು ತಂದವನಿಗೆ ದುಡ್ಡು ಸಿಗುವಂತಿದ್ದರೆ ಕಾಗಿಣೆ ನದಿಗೆ ಹೆಣ ತೇಲಿಬಿಡುವ ಯೋಚನೆ ಯಾರಿಗೂ ಬಾರದು. ತಾಂಡೂರಿನಲ್ಲಿ ಬಿದ್ದದ್ದು ಕಾಗಿಣೆಯಲ್ಲಿ ಸೇಡಂಗೆ ಹೋಗುತ್ತದೆ, ನದಿಗೆ ಚೆಕ್‌ಪೋಸ್ಟ್ ಇಲ್ಲ.

ಇಷ್ಟೆಲ್ಲ ಆದರೂ "ಓಡಿಸಿ" ಎಂಬ ಮಾತು ಏಕೆ ಸವೆಯುವುದಿಲ್ಲ? ಅದು ಪೂರ್ತಿ ಆರೋಗ್ಯದ ಮಾತಾಗಿದ್ದರೆ ಇಷ್ಟು ಹೊತ್ತಿಗೆ ಸವೆಯುತ್ತಿತ್ತು. ಹಂದಿ ಸಾಕುವವರು ತೆಲಂಗಾಣದಲ್ಲಿ ಎರುಕಲರು, ಕರ್ನಾಟಕದಲ್ಲಿ ಕೊರಮರು, ಕೊರಚರು, ಹಂದಿಜೋಗಿಗಳು. ಎರುಕಲರು ಗಡಿಯ ಈಚೆ ಪರಿಶಿಷ್ಟ ಪಂಗಡ, ಅವರ ಬಳಗದ ಕೊರಮರು, ಕೊರಚರು ಆಚೆ ಪರಿಶಿಷ್ಟ ಜಾತಿ. ಬ್ರಿಟಿಷರು 1871ರಲ್ಲಿ ಶುರುವಾದ ಕಾನೂನುಗಳಡಿ ಇಂಥ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟರು. ಹಂದಿಯನ್ನು ಓಡಿಸಿ ಎಂದಾಗ ಬಹಳ ಸಲ ಓಡಬೇಕಾದವರು ಅದರ ಒಡೆಯರು. ಬೆಂಗಳೂರಿನ ಹೋಟೆಲಿನಲ್ಲಿ ಕೊಡಗಿನ ಪಂದಿ ಕರಿಗೆ ಸಾಲು ನಿಲ್ಲುವವರಿಗೆ ರೋಗದ ಭಯ ಕಾಡುವುದಿಲ್ಲ. ಬೆಲೆ ಏರಿದ ಕೂಡಲೇ ಹೊಲಸು ಇಳಿಯುತ್ತದೆ.

2012ರ ಪಶುಗಣತಿಗಿಂತ 2019ರ ಗಣತಿಯಲ್ಲಿ ದೇಶದ ಹಂದಿಗಳು ಶೇಕಡ 12ರಷ್ಟು ಕಡಿಮೆಯಾಗಿ 90 ಲಕ್ಷಕ್ಕೆ ಇಳಿದಿವೆ. ಅದೂ ಆಫ್ರಿಕನ್ ಜ್ವರ ಬರುವ ಮೊದಲಿನ ಲೆಕ್ಕ. ಹಂದಿ ಕಡಿಮೆಯಾದಷ್ಟೂ ಜ್ವರ ಕಡಿಮೆಯಾಗಬೇಕಿತ್ತಲ್ಲ, ಆಯಿತೇ?

ಜಹೀರಾಬಾದ್, ನಾರಾಯಣಖೇಡ ರಾಜ್ಯಗಳ ಗಡಿ ಬದಲಾದ 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿ. ಮನುಷ್ಯರ ಲೆಕ್ಕ ಅಂದೇ ಬೇರೆಯಾಯಿತು. ಸಂತೆಗೆ ಹೋಗುವ ಹಂದಿಗೂ ಸೊಳ್ಳೆಗೂ ಆಗಲಿಲ್ಲ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಇರುವುದು ಬೀದರಿನಲ್ಲಿ, ಜಹೀರಾಬಾದಿನಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಯಲಹಂಕದಲ್ಲಿ ಪ್ರಾಣಿರೋಗಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ, ಹೈದರಾಬಾದಿನ ರಾಜೇಂದ್ರನಗರದಲ್ಲಿ ತೆಲಂಗಾಣದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಎರಡು ರಾಜ್ಯಗಳ ಪಶುಸಂಗೋಪನಾ ಇಲಾಖೆಗಳು ಜೂನ್ ತಿಂಗಳಿಗೆ ಮೊದಲು ಗಡಿಯ ಎರಡೂ ಬದಿಯಲ್ಲಿ ಒಂದೇ ವಾರ ಹಂದಿ ಜ್ವರದ ಲಸಿಕೆ ಹಾಕಲಿ. ಆ ಹೊತ್ತಿಗೇ ಪ್ರತಿ ಊರಿನ ಕೆಲವು ಹಂದಿಗಳ ರಕ್ತ ತೆಗೆದು ಹತ್ತಿರದ ಪ್ರಯೋಗಾಲಯಕ್ಕೆ ಕಳಿಸಲಿ, ಅದು ಯಾವ ರಾಜ್ಯದ್ದೇ ಆಗಲಿ. ಹಂದಿ ಸಾಕುವವರಿಗೆ ಊರಾಚೆ ನೀರಿರುವ ಜಾಗ ತೋರಿಸಿ ಗೂಡು ಕಟ್ಟಿಸಿಕೊಡಲಿ, ಧಾಬಾಗಳಿಂದ ತರುವ ಮುಸುರೆಯನ್ನು ಕುದಿಸಿಯೇ ತಿನ್ನಿಸುವಂತೆ ಹಂಡೆ, ಉರುವಲಿಗೆ ನೆರವಾಗಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಲಸಿಕೆ ಇದೆ, ಯೋಜನೆಯ ಪಟ್ಟಿಯಲ್ಲಿ ಹಂದಿಯ ಹೆಸರೂ ಇದೆ. ಬಾಕಿ ಇರುವುದು ದವಾಖಾನೆಯಿಂದ ಹಂದಿ ಗೂಡಿನವರೆಗಿನ ದಾರಿ, ಅದನ್ನು ಇಲಾಖೆಯವರು ನಡೆಯಬೇಕು.